ಎಷ್ಟು ಚಾನೆಲ್ ಬೇಕು ಸ್ವಾಮೀ?

"ಹೊಸ ರೇಡಿಯೋ ತಗೊಂಡೆ ಅಮ್ಮಾ" ಅಂತ ಫೋನಲ್ಲಿ ಹೇಳಿದ್ದೇ ತಪ್ಪಾಯ್ತು ನೋಡಿ.

"ಒಳ್ಳೇದಾಯ್ತು ಕಣೋ. ಬೆಳಗ್ಗೆ ಎದ್ದು ಚಿಂತನ ಕೇಳ್ಬೋದು. ಎಷ್ಟು ಸ್ಟೇಷನ್ ಬರತ್ತೆ?"

"ಸ್ಟೇಷನ್ ಅಲ್ಲಮ್ಮ, ಚಾನೆಲ್ಲು. ಆರು."

"ಅಷ್ಟು ದುಡ್ಡು ಕೊಟ್ಟು ಬರೀ ಆರಾ? ನಿಮ್ಮಪ್ಪನ ಹಳೇ ಫಿಲಿಪ್ಸ್‌ನಲ್ಲಿ ಸಿಲೋನೂ ಬರ್ತಿತ್ತು!"

ಇದು ಆಟದ ಕಾರಿನ ರಿಮೋಟು ಅಂತ ವಿವರಿಸೋ ಹೊತ್ತಿಗೆ ಅಮ್ಮ "ಇಪ್ಪತ್ತೆಂಟು ವರ್ಷ ಆಯ್ತು ನಿಂಗೆ" ಅಂತ ಬೇರೆ ಟಾಪಿಕ್‌ಗೆ ಹೋಗಿಬಿಟ್ಲು. ಅದು ಇಲ್ಲಿ ಬೇಡ ಬಿಡಿ :)

ಆದ್ರೆ ಅಮ್ಮ ಕೇಳಿದ ಪ್ರಶ್ನೇನೇ ಈ ಹವ್ಯಾಸಕ್ಕೆ ಹೊಸದಾಗಿ ಬಂದವರೆಲ್ಲ ಕೇಳೋದು. ಆಫೀಸಲ್ಲಿ ನನ್ನ ಡೆಸ್ಕ್ ಮೇಲಿರೋ ಗಾಡಿ ನೋಡಿ ಹುಚ್ಚು ಹಿಡಿಸಿಕೊಂಡ ಇಬ್ಬರು ಕಲೀಗುಗಳು ಕೇಳಿದ್ದೂ ಅದೇ. "ಮೂರು ಚಾನೆಲ್ ಸಾಕಾ? ನಾಲ್ಕು ಬೇಕಾ? ಎಂಟೇ ತಗೊಂಡ್ಬಿಡ್ಲಾ?" ಪ್ರತಿ ಸಲ ಅದನ್ನೇ ಹೇಳೋ ಬದಲು ಒಂದ್ಸಲ ಬರೆದುಬಿಡೋಣ ಅನ್ನಿಸ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಎಷ್ಟು ಚಾನೆಲ್ ಅನ್ನೋದು ಮೂರನೇ ಪ್ರಶ್ನೆ. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಎರಡಿದೆ. ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡತ್ತೆ? ಆ ರಿಸೀವರ್‌ಗೆ ಊಟ ಹಾಕ್ತಿರೋರು ಯಾರು? ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ರಾಲರ್ ಅಂದ್ರೆ ಜುಂಯ್ ಅಂತ ಓಡೋ ರೇಸ್ ಕಾರಲ್ಲ. ನಾವು ನಡೆಯೋ ವೇಗಕ್ಕಿಂತ ಹೆಚ್ಚು ಹೋಗೋದೇ ಅಪರೂಪ. ನಾಲ್ಕೂ ಚಕ್ರಕ್ಕೆ ಶಕ್ತಿ, ಮೆತ್ತನೆ ಟೈರು, ಉದ್ದನೆ ಸಸ್ಪೆನ್ಷನ್. ಬಂಡೆ ಹತ್ತೋದು, ಇಳಿಯೋದು, ಸಿಕ್ಕಿಹಾಕ್ಕೊಳ್ಳೋದು, ಬಿಡಿಸ್ಕೊಳ್ಳೋದು, ಇಷ್ಟೇ ಆಟ. ಹೆಚ್ಚಿನವು ಹತ್ತನೇ ಒಂದರ ಅಳತೆಯಲ್ಲಿರ್ತವೆ, ಅಂದ್ರೆ ನಿಜವಾದ ಜೀಪಿನ ಹತ್ತನೇ ಒಂದು ಭಾಗ. ಟ್ರಾಕ್ಸಾಸ್ ಕಂಪನಿ 2017ರಲ್ಲಿ ಟಿಆರ್‌ಎಕ್ಸ್-4 ಅಂತ ಒಂದು ಗಾಡಿ ತಂತು. ಅದರಲ್ಲಿ ಡಿಫರೆನ್ಷಿಯಲ್ ಲಾಕು, ಹೈ-ಲೋ ಗೇರು ಎರಡೂ ರಿಮೋಟಿಂದಲೇ ಬದಲಾಗತ್ತೆ. ಈಗ ಆ ತರದ ಗಾಡಿಗಳು ಬೇಕಾದಷ್ಟಿವೆ. ಬರೀ ಸ್ಟೀರಿಂಗು, ಥ್ರಾಟಲ್ಲು ಅಂತ ಎರಡು ಚಾನೆಲ್ಲಲ್ಲಿ ಸಂಸಾರ ಮಾಡ್ತಿದ್ದವರು ಚಾನೆಲ್ ಲೆಕ್ಕ ಹಾಕೋಕೆ ಶುರು ಮಾಡಿದ್ದು ಇಂಥ ಗಾಡಿಗಳಿಂದಲೇ.

ನಮ್ಮೂರು ಮಧುಗಿರಿ ಕಡೆ. ಮನೆ ಹಿತ್ತಲು ದಾಟಿದ್ರೆ ಬಂಡೆಯೋ ಬಂಡೆ. ಬೇರೆ ದೇಶದವರು ಸಿಮೆಂಟಲ್ಲಿ ಕೃತಕ ಬಂಡೆ ಕಟ್ಕೊಂಡು ಕ್ರಾಲರ್ ಓಡಿಸೋ ವೀಡಿಯೋ ನೋಡಿದಾಗೆಲ್ಲ ನಮ್ಮ ಬಯಲುಸೀಮೆಗೆ ದೇವರು ಮಳೆ ಕೊಡದಿದ್ರೂ ಇದೊಂದು ಧಾರಾಳವಾಗಿ ಕೊಟ್ಟಿದಾನೆ ಅನ್ಸತ್ತೆ.

ಹೋದ ವರ್ಷ ದಸರಾ ರಜೆಗೆ ಗಾಡಿ ತಗೊಂಡು ಊರಿಗೆ ಹೋಗಿದ್ದೆ. ಆಗ ಇದ್ದಿದ್ದು ಮೂರು ಚಾನೆಲ್ಲಿನ ಅಗ್ಗದ ರಿಮೋಟು. ಅಕ್ಕನ ಮಗಳು, ಆರು ವರ್ಷ, ಬೆಳಗ್ಗೆಯಿಂದ "ಮಾಮ ನಂಗೆ ಕೊಡು, ಮಾಮ ನಂಗೆ ಕೊಡು" ಅಂತ ಪ್ರಾಣ ತಿಂತಿದ್ಲು. ಸಾಯಂಕಾಲ ಎಲ್ಲರೂ ಬಂಡೆ ಮೇಲೆ ಕೂತಿದ್ವಿ. ರಿಮೋಟು ಬ್ಯಾಟರಿ ಕಮ್ಮಿ ಅಂತ ಬೀಪ್ ಬೀಪ್ ಅಂತಿತ್ತು. "ಇನ್ನೈದು ನಿಮಿಷ ಬರತ್ತೆ" ಅಂದ್ಕೊಂಡು ಅವಳ ಕೈಗೆ ಕೊಟ್ಟೆ. ಎರಡು ನಿಮಿಷ ಚೆನ್ನಾಗೇ ಓಡಿಸಿದ್ಲು. ಅಷ್ಟ್ರಲ್ಲಿ ರಿಮೋಟಿನ ಸ್ಕ್ರೀನು ಆಫ್ ಆಯ್ತು.

ಗಾಡಿ ನಿಲ್ಲಲಿಲ್ಲ.

ಅವಳು ಟ್ರಿಗರ್ ಬಿಟ್ಟಿದ್ಲು, ನಾನು ಕಣ್ಣಾರೆ ನೋಡಿದೆ. ಆದ್ರೂ ಗಾಡಿ ತನ್ನ ಪಾಡಿಗೆ ಅದೇ ವೇಗದಲ್ಲಿ ತೆವಳ್ಕೊಂಡು ಹೋಗ್ತಾನೇ ಇತ್ತು. ಎದುರಿಗೆ ದೊಣೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ದೊಣೆ ತುಂಬಿತ್ತು, ಅಂಚೆಲ್ಲ ಪಾಚಿ. "ಮಾಮ, ಗಾಡಿ ಹೋಗ್ತಿದೆ" ಅಂತ ಕೂಗಿದವಳು ಅದನ್ನ ಹಿಡಿಯೋಕೆ ಓಡಿದ್ಲು. ನಾನು ಎದ್ದು ನಿಲ್ಲೋ ಹೊತ್ತಿಗೆ ಅವಳು ಅರ್ಧ ದಾರಿ ಹೋಗಿದ್ಲು. ದೊಣೆ ಪಕ್ಕದಲ್ಲೇ ಕೈಕಾಲು ತೊಳೀತಾ ಇದ್ದ ಚಿಕ್ಕಪ್ಪ ಕೈ ಚಾಚಿ ಅವಳ ಫ್ರಾಕಿನ ಬೆನ್ನು ಹಿಡ್ಕೊಂಡ್ರು. ಗಾಡಿ ಮಾತ್ರ ಯಾರಿಗೂ ಕಾಯದೆ ಬುಳಕ್ ಅಂತು.

ಆಮೇಲೆ ಅಜ್ಜಿ ಅಟ್ಟದಿಂದ ಪಾತಾಳಗರಡಿ ತೆಗೆದುಕೊಟ್ರು. ಬಾವಿಗೆ ಬಿದ್ದ ಬಿಂದಿಗೆ ತೆಗೆಯೋ ಕೊಕ್ಕೆಗಳ ಗೊಂಚಲು, ಅದೇ. ಮೂರನೇ ಸಲಕ್ಕೆ ಗಾಡಿ ಮೇಲೆ ಬಂತು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅದು ಯಾಕೋ ನಿಲ್ಲಲಿಲ್ಲ?" ಅಂತ ಒಂದೇ ಮಾತು ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಉತ್ತರ ಮ್ಯಾನ್ಯುಯಲ್‌ನಲ್ಲಿತ್ತು. ನಾನು ಓದಿರಲಿಲ್ಲ ಅಷ್ಟೆ.

ರಿಸೀವರ್ ಅನ್ನೋ ಆ ಬೆಂಕಿಪೊಟ್ಟಣದಂಥ ಡಬ್ಬಿ ಮಾಡೋ ಕೆಲಸ ಬಹಳ ಸರಳ. ಪ್ರತಿ ಚಾನೆಲ್ಲಿಗೂ ಸೆಕೆಂಡಿಗೆ ಸುಮಾರು 50 ಸಲ ಒಂದೊಂದು ಪಲ್ಸ್ ಕಳಿಸ್ತಾ ಇರತ್ತೆ. ಪಲ್ಸಿನ ಅಗಲ 1500 ಮೈಕ್ರೋಸೆಕೆಂಡ್ ಇದ್ರೆ ಮಧ್ಯ, ಅಂದ್ರೆ ನ್ಯೂಟ್ರಲ್. 1000 ಒಂದು ಕೊನೆ, 2000 ಇನ್ನೊಂದು ಕೊನೆ. ರಿಮೋಟಿಂದ ಸಿಗ್ನಲ್ ಬರೋದು ನಿಂತಾಗ ಅದು ಯಾವ ನಂಬರ್ ಕಳಿಸಬೇಕು? ಇದಕ್ಕೆ ಉತ್ತರವೇ ಫೇಲ್‌ಸೇಫ್. ಕೆಲವು ರಿಸೀವರ್‌ಗಳು ಪಲ್ಸ್ ಕಳಿಸೋದನ್ನೇ ನಿಲ್ಲಿಸ್ತವೆ. ಕೆಲವು ನಾವು ಮೊದಲೇ ಹೇಳಿಕೊಟ್ಟ ನಂಬರ್ ಕಳಿಸ್ತವೆ. ಇನ್ನು ಕೆಲವು ಕೊನೆಗೆ ಬಂದ ನಂಬರನ್ನೇ ಹಿಡ್ಕೊಂಡು ಕೂರ್ತವೆ. ನಂದು ಆ ಕೊನೇ ಜಾತಿದು, ನಾವು ಸೆಟ್ ಮಾಡೋವರೆಗೂ. ಆಫೀಸಲ್ಲಿ ದಿನಾ ಬೆಳಗಾದ್ರೆ ಜೂನಿಯರ್‌ಗಳಿಗೆ "ನೆಟ್‌ವರ್ಕ್ ಹೋದ್ರೆ ಏನಾಗತ್ತೆ ಅಂತ ಮೊದಲು ಯೋಚಿಸ್ರಪ್ಪಾ" ಅಂತ ಭಾಷಣ ಬಿಗಿಯೋ ಮಹಾನುಭಾವ ನಾನು!

ಕ್ರಾಲರ್‌ಗೆ ಥ್ರಾಟಲ್ ಚಾನೆಲ್ಲಿನ ಫೇಲ್‌ಸೇಫ್ ನ್ಯೂಟ್ರಲ್‌ಗೇ ಇರಬೇಕು. ಇಲ್ಲೊಂದು ಅನುಕೂಲ ಇದೆ. ಕ್ರಾಲರ್‌ಗೆ ಹಾಕೋ ಇಎಸ್‌ಸಿಗಳಲ್ಲಿ, ಅಂದ್ರೆ ಮೋಟಾರಿನ ವೇಗ ನಿಯಂತ್ರಿಸೋ ಪೆಟ್ಟಿಗೆಯಲ್ಲಿ, ಡ್ರ್ಯಾಗ್ ಬ್ರೇಕ್ ಅಂತಿರತ್ತೆ. ಟ್ರಿಗರ್ ಬಿಟ್ಟ ಕೂಡಲೇ ಮೋಟಾರು ಬಿಗಿ ಹಿಡಿಯತ್ತೆ, ಇಳಿಜಾರಿನಲ್ಲೂ ಗಾಡಿ ಕಚ್ಚಿಕೊಂಡು ನಿಲ್ಲತ್ತೆ. ಹಾಗಾಗಿ ಸಿಗ್ನಲ್ ಹೋದಾಗ ನ್ಯೂಟ್ರಲ್ ಕಳಿಸಿದ್ರೆ ಗಾಡಿ ಇದ್ದಲ್ಲೇ ಶಿಲೆ. ವಿಂಚ್ ಇದ್ರೆ ಅದರ ಚಾನೆಲ್ಲಿಗೂ ಇದೇ ನಿಯಮ. ಇಲ್ಲಾಂದ್ರೆ ಹಗ್ಗ ಎಳೀತಾನೇ ಇರತ್ತೆ.

ಪರೀಕ್ಷೆ ಮಾಡೋದು ಒಂದು ನಿಮಿಷದ ಕೆಲಸ. ಗಾಡಿಯನ್ನ ಒಂದು ಡಬ್ಬದ ಮೇಲೆ ಕೂರಿಸಿ, ಚಕ್ರ ಗಾಳೀಲಿರಲಿ. ಸ್ವಲ್ಪ ಥ್ರಾಟಲ್ ಕೊಟ್ಟು, ಕೊಡ್ತಿರೋವಾಗಲೇ ರಿಮೋಟ್ ಆಫ್ ಮಾಡಿ. ಚಕ್ರ ನಿಂತ್ರೆ ಸರಿ. ನಿಲ್ಲದಿದ್ರೆ ಸೆಟ್ ಮಾಡಿ. ಸೆಟ್ ಮಾಡೋಕೆ ಸೌಲಭ್ಯವೇ ಇಲ್ಲದ ರಿಸೀವರ್ ಆದ್ರೆ, ಅದಕ್ಕೆ ಹತ್ತು ಚಾನೆಲ್ ಇದ್ರೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಜೊತೆಗೆ ಒಂದು ಅಭ್ಯಾಸ: ಆನ್ ಮಾಡುವಾಗ ಮೊದಲು ರಿಮೋಟು, ಆಮೇಲೆ ಗಾಡಿ. ಆಫ್ ಮಾಡುವಾಗ ಮೊದಲು ಗಾಡಿ, ಆಮೇಲೆ ರಿಮೋಟು.

ಈಗ ಎರಡನೇ ಪ್ರಶ್ನೆ, ಊಟದ್ದು. ರಿಸೀವರ್‌ಗೆ, ಅದರ ಮೂಲಕ ಎಲ್ಲ ಸರ್ವೋಗಳಿಗೆ ಕರೆಂಟ್ ಬರೋದು ಸಾಮಾನ್ಯವಾಗಿ ಇಎಸ್‌ಸಿ ಒಳಗಿರೋ ಬಿಇಸಿ ಅನ್ನೋ ಚಿಕ್ಕ ಸರ್ಕ್ಯೂಟಿಂದ. ಬ್ಯಾಟರಿಯ ವೋಲ್ಟೇಜನ್ನ 6 ವೋಲ್ಟೋ 7.4 ವೋಲ್ಟೋ ಮಾಡಿ ಕೊಡೋದು ಅದರ ಕೆಲಸ. ನಮ್ಮಲ್ಲಿ ತುಂಬ ಜನ ಬಳಸೋ ಹಾಬಿವಿಂಗ್ 1080ರಲ್ಲಿ ಇದು 3 ಆಂಪಿಯರ್ ಕೊಡತ್ತೆ. ಸಾಕಲ್ವಾ ಅಂತೀರಾ? ಎರಡು ಬಂಡೆ ಮಧ್ಯ ಮುಂದಿನ ಚಕ್ರ ಸಿಕ್ಕಿಹಾಕ್ಕೊಂಡಿದೆ, ನೀವು ಸ್ಟೀರಿಂಗ್ ಪೂರ್ತಿ ತಿರುಗಿಸ್ತೀರಿ, ಸರ್ವೋ ಅಲ್ಲಾಡೋಕಾಗದೆ ಮುಕ್ಕರಿತಾ ಇದೆ. 25-30 ಕಿಲೋ ಟಾರ್ಕಿನ ದೊಡ್ಡ ಸರ್ವೋ ಆಗ ಒಂದೇ ಅಷ್ಟೂ ಆಂಪಿಯರ್ ನುಂಗಿ ಇನ್ನೂ ಬೇಕು ಅನ್ನತ್ತೆ. ವೋಲ್ಟೇಜ್ ಕುಸಿಯತ್ತೆ, ರಿಸೀವರ್ ರೀಸ್ಟಾರ್ಟ್ ಆಗತ್ತೆ. ನಾವು "ಥತ್, ರೇಂಜ್ ಇಲ್ಲ, ಡಬ್ಬಾ ರೇಡಿಯೋ" ಅಂತ ಕಂಪನಿಗೆ ಬೈತೀವಿ. ಹತ್ತಡಿ ದೂರದಲ್ಲಿ ನಿಂತು ಆಡೋ ಕ್ರಾಲರ್‌ಗೆ ರೇಂಜ್ ಸಮಸ್ಯೆ ಬರೋದು ಬಹಳ ಅಪರೂಪ ಸ್ವಾಮಿ. ಬಾಕ್ಸ್ ಮೇಲೆ ಬರೆದಿರೋ ಮುನ್ನೂರು ಮೀಟರು ನಮಗೆ ಯಾತಕ್ಕೂ ಬೇಡ. ಅಷ್ಟು ದೂರದಲ್ಲಿ ಗಾಡಿ ಕಣ್ಣಿಗೇ ಕಾಣಲ್ಲ.

ಪರಿಹಾರ: ಚಾನೆಲ್ ಜಾಸ್ತಿ ಮಾಡೋ ಮುಂಚೆ ಒಂದು ಪ್ರತ್ಯೇಕ ಬಿಇಸಿ ಹಾಕಿ. ಅದನ್ನ ರಿಸೀವರ್‌ಗೆ ಚುಚ್ಚಿದ್ರೆ ಇಎಸ್‌ಸಿಯಿಂದ ಬರೋ ಮೂರು ತಂತಿಯಲ್ಲಿ ಕೆಂಪು ತಂತಿ ಬಿಚ್ಚೋದು ಮರೀಬೇಡಿ, ಇಲ್ಲಾಂದ್ರೆ ಎರಡು ಬಿಇಸಿ ಒಂದಕ್ಕೊಂದು ಜಗಳಕ್ಕೆ ಬೀಳ್ತವೆ. ರಿಸೀವರ್ ತಡೆಯೋ ವೋಲ್ಟೇಜ್ ಎಷ್ಟು ಅನ್ನೋದನ್ನೂ ನೋಡ್ಕೊಳ್ಳಿ. ಒಂದೊಂದು ಚಾನೆಲ್ ಸೇರಿಸಿದ ಹಾಗೂ ಒಂದೊಂದು ಸರ್ವೋ ಬರತ್ತೆ, ಒಂದೊಂದು ಬಾಯಿ ಜಾಸ್ತಿ ಆಗತ್ತೆ. ಇದನ್ನ ಎಂಟು ಚಾನೆಲ್ ಅಭಿಮಾನಿಗಳು ಲೆಕ್ಕಕ್ಕೇ ತಗೊಳ್ಳಲ್ಲ.

ಸರಿ, ಈಗ ಚಾನೆಲ್ಲಿಗೆ ಬರೋಣ. ಊರಲ್ಲಿ ಚಿಕ್ಕಪ್ಪನಿಗೆ ಡಿಫರೆನ್ಷಿಯಲ್ ಲಾಕ್ ವಿವರಿಸೋಕೆ ಹೊರಟೆ. "ಗೊತ್ತು ಬಿಡೋ, ಟ್ರಾಕ್ಟರ್‌ನಲ್ಲಿ ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗಿದ್ರೆ ತುಳಿಯೋ ಪೆಡಲ್ಲು. ಬಿಗಿ ನೆಲದಲ್ಲಿ ತುಳಿದ್ಕೊಂಡೇ ತಿರುಗ್ಸಿದ್ರೆ ಗಾಡಿ ತಿರುಗಲ್ಲ" ಅಂದ್ರು. ಇಷ್ಟು ಚೆನ್ನಾಗಿ ಯೂಟ್ಯೂಬಲ್ಲಿ ಯಾರೂ ಹೇಳಿಲ್ಲ. ಬಂಡೆ ಹತ್ತೋವಾಗ ಲಾಕ್ ಬೇಕು, ತಿರುಗೋವಾಗ ಬೇಡ. ಅದಕ್ಕೇ ಅದು ಬೆರಳಿಗೆ ಸಿಗೋ ಸ್ವಿಚ್ಚಲ್ಲಿರಬೇಕು.

ಚಾನೆಲ್ ಲೆಕ್ಕ ಹೀಗೆ. ಸ್ಟೀರಿಂಗ್ ಒಂದು, ಥ್ರಾಟಲ್ ಎರಡು. ಹೈ-ಲೋ ಗೇರ್ ಮೂರು. ಡಿಫರೆನ್ಷಿಯಲ್ ಲಾಕ್ ನಾಲ್ಕು, ಹಿಂದೆ ಮುಂದೆ ಬೇರೆಬೇರೆ ಬೇಕಾದ್ರೆ ಐದು. ವಿಂಚ್ ಇನ್ನೊಂದು. ಕೆಲವು ಗಾಡಿಗಳಲ್ಲಿ ಡಿಗ್ ಅಂತ ಇರತ್ತೆ: ಹಿಂದಿನ ಆಕ್ಸಲ್ಲನ್ನ ಬಿಡಿಸಿ ಬಿಗಿ ಹಿಡಿದು, ಮುಂದಿನ ಚಕ್ರ ಮಾತ್ರ ಎಳೆಯೋ ಹಾಗೆ ಮಾಡೋದು. ನಿಂತಲ್ಲೇ ಸುತ್ತೋಕೆ ಭಾರಿ ಉಪಯೋಗ. ಅದಕ್ಕೊಂದು. ಆಮೇಲೆ ಲೈಟು.

ಆದ್ರೆ ಬರೀ ನಂಬರ್ ಎಣಿಸಿದ್ರೆ ಮೋಸ ಹೋಗ್ತೀರಿ. ನನ್ನ ಹಳೇ ರಿಮೋಟಿನ ಮೂರನೇ ಚಾನೆಲ್ ಒಂದು ಬಟನ್. ಒತ್ತಿದ್ರೆ ಈ ಕೊನೆ, ಇನ್ನೊಂದ್ಸಲ ಒತ್ತಿದ್ರೆ ಆ ಕೊನೆ. ಗೇರಿಗೆ ಅದು ಸಾಕು. ಉತ್ಸಾಹದಲ್ಲಿ ಅದಕ್ಕೆ ವಿಂಚ್ ಜೋಡಿಸಿದೆ. ವಿಂಚಿಗೆ ಎಳಿ, ನಿಲ್ಲು, ಬಿಡು ಅಂತ ಮೂರು ಸ್ಥಿತಿ. ನನ್ನ ಬಟನ್ನಿಗೆ ಎರಡೇ. ಪರಿಣಾಮ ಏನು? ವಿಂಚ್ ಒಂದೋ ಎಳೀತಿರತ್ತೆ, ಇಲ್ಲಾ ಬಿಡ್ತಿರತ್ತೆ. ನಿಲ್ಲೋದಂತೂ ಅದರ ಜಾತಕದಲ್ಲೇ ಇಲ್ಲ! ವಿಂಚಿಗೆ, ಡಿಗ್‌ಗೆ ಮೂರು ಸ್ಥಾನದ ಸ್ವಿಚ್ಚೇ ಬೇಕು. ಆರು ಚಾನೆಲ್ ಅಂತ ಬರೆದಿದೆ ಅಂದ ತಕ್ಷಣ ಹಿಗ್ಗಬೇಡಿ, ಅದರಲ್ಲಿ ಎಷ್ಟು ಮೂರು ಸ್ಥಾನದ್ದು ಅಂತ ಕೇಳಿ.

ಇನ್ನೊಂದು, ಎಂಡ್ ಪಾಯಿಂಟ್. ಗೇರ್ ಬದಲಿಸೋ ಸರ್ವೋಗಳು ಪುಟ್ಟ ಜೀವಿಗಳು. ಲಿವರ್ ಪೂರ್ತಿ ಸರಿದ ಮೇಲೂ ರಿಮೋಟು "ಇನ್ನೂ ತಳ್ಳು" ಅಂತಿದ್ರೆ ಅದು ತಳ್ತಾ ತಳ್ತಾ ಬಿಸಿಯಾಗಿ ಸತ್ತೇ ಹೋಗತ್ತೆ. ಎಷ್ಟು ತಳ್ಳಬೇಕು ಅನ್ನೋದನ್ನ ಸ್ಟೀರಿಂಗಿಗೆ ಮಾತ್ರ ಅಲ್ಲ, ಮೂರು, ನಾಲ್ಕು, ಐದನೇ ಚಾನೆಲ್ಲಿಗೂ ಬೇರೆಬೇರೆ ಸೆಟ್ ಮಾಡೋಕೆ ಬರಬೇಕು. ಇದಿಲ್ಲದ ರಿಮೋಟಿಂದ ನಾನು ಒಂದು ಸರ್ವೋ ಸುಟ್ಟಿದೀನಿ.

ಮೂರನೇದು, ನಿಮ್ಮ ಹೆಬ್ಬೆರಳು. ಪಿಸ್ತೂಲಿನಂಥ ರಿಮೋಟಲ್ಲಿ ಎಡಗೈ ತೋರುಬೆರಳು ಟ್ರಿಗರ್ ಮೇಲೆ, ಬಲಗೈ ಸ್ಟೀರಿಂಗ್ ಚಕ್ರದ ಮೇಲೆ. ಉಳಿಯೋದು ಎಡಗೈ ಹೆಬ್ಬೆರಳು ಒಂದೇ. ವಿಂಚ್ ಎಳೀತಾ ಚಕ್ರಕ್ಕೂ ಥ್ರಾಟಲ್ ಕೊಡ್ತಿರಬೇಕಾಗತ್ತೆ. ಆಗ ಆ ಹೆಬ್ಬೆರಳಿಗೆ ಸಿಗದ ಸ್ವಿಚ್ ಇದ್ದೂ ಇಲ್ಲದ ಹಾಗೆ. ಎಂಟು ಚಾನೆಲ್ ಇರೋ ರಿಮೋಟನ್ನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ನಿಮ್ಮ ಬೆರಳಿಗೆ ಎಷ್ಟು ಸಿಗತ್ತೆ ಅಂತ. ಅಷ್ಟೇ ನಿಮ್ಮ ನಿಜವಾದ ಚಾನೆಲ್ಲು. ನನ್ನ ಲೆಕ್ಕದಲ್ಲಿ ಐದಾರು ಸಾಕು, ಅದರಲ್ಲಿ ಎರಡಾದ್ರೂ ಮೂರು ಸ್ಥಾನದ್ದಿರಬೇಕು. ಲೈಟಿಗೆ ಒಂದು ಚಾನೆಲ್ ದಂಡ ಮಾಡೋರಿಗೆ ನನ್ನ ನಮಸ್ಕಾರ.

ಕೊನೇದಾಗಿ ಮನೆತನದ ವಿಚಾರ. ಒಂದು ಕಂಪನಿಯ ರಿಮೋಟು ಇನ್ನೊಂದು ಕಂಪನಿಯ ರಿಸೀವರ್ ಜೊತೆ ಮಾತಾಡಲ್ಲ. ಎಲ್ಲರದ್ದೂ 2.4 ಗಿಗಾಹರ್ಟ್ಸೇ, ಆದ್ರೆ ಭಾಷೆ ಬೇರೆ. ಒಂದೇ ಕಂಪನಿಯ ಒಳಗೂ ಅಣ್ಣತಮ್ಮಂದಿರು ಮಾತು ಬಿಟ್ಟಿರ್ತಾರೆ. ಫ್ಲೈಸ್ಕೈ ಜಿಟಿ3ಬಿ ರಿಮೋಟಿನ ರಿಸೀವರ್ ಅದೇ ಫ್ಲೈಸ್ಕೈ ಜಿಟಿ5ಕ್ಕೆ ಆಗಲ್ಲ, ಪ್ರೋಟೋಕಾಲ್ ಬೇರೆ. ಹಾಗಾಗಿ ರೇಡಿಯೋ ತಗೊಳ್ಳೋದು ಅಂದ್ರೆ ಸಂಬಂಧ ಬೆಳೆಸಿದ ಹಾಗೆ, ಹುಡುಗನನ್ನ ಮಾತ್ರ ಅಲ್ಲ, ಮನೆಯವರನ್ನೂ ನೋಡಬೇಕು. ನಾಳೆ ಎರಡನೇ ಗಾಡಿ ಬರತ್ತೆ (ಬಂದೇ ಬರತ್ತೆ, ಬರ್ಕೊಳ್ಳಿ). ಅದಕ್ಕೆ ರಿಮೋಟ್ ಮತ್ತೆ ಬೇಡ, ರಿಸೀವರ್ ಒಂದು ಸಾಕು. ಆ ರಿಸೀವರ್ ಬಿಡಿಯಾಗಿ ಇಲ್ಲೇ ಸಿಗತ್ತಾ? ಬೆಲೆ ಎಷ್ಟು? ಇದನ್ನ ಮೊದಲೇ ಕೇಳಿ. ಹೊರದೇಶದಿಂದ ನೇರ ತರಿಸೋರಿಗೆ ಇದು ಇನ್ನೂ ಮುಖ್ಯ. ನಮ್ಮಲ್ಲಿ ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸ್ ಉಪಕರಣ ಬಳಸೋಕೆ 2005ರಿಂದ ಲೈಸೆನ್ಸ್ ಬೇಡ, ಆದ್ರೆ ವೈರ್‌ಲೆಸ್ ಸಾಮಾನು ಆಮದು ಮಾಡೋಕೆ ಇಟಿಎ ಅನ್ನೋ ಅನುಮತಿಯ ನಿಯಮ ಇದೆ.

ಹಲವು ಭಾಷೆ ಬಲ್ಲ ರಿಮೋಟೂ ಬಂದಿವೆ. ರೇಡಿಯೋಮಾಸ್ಟರ್ ಎಂಟಿ12ರಲ್ಲಿ ಓಪನ್ ಸೋರ್ಸ್ ಆದ ಎಡ್ಜ್‌ಟಿಎಕ್ಸ್ ಸಾಫ್ಟ್‌ವೇರ್ ಇರತ್ತೆ, ಅದರ ಒಂದು ಮಾದರಿ ಬೇರೆಬೇರೆ ಕಂಪನಿಯ ಹಲವು ರಿಸೀವರ್‌ಗಳ ಜೊತೆ ಮಾತಾಡತ್ತೆ. ಇಂಜಿನಿಯರ್ ಬುದ್ಧಿ ಅಲ್ವಾ, ನೋಡಿದ ತಕ್ಷಣ ನನ್ನ ಕೈ ಕಡೀತು. ಆದ್ರೆ ಮೊದಲ ರಿಮೋಟಿಗೆ ಅದು ಬೇಡ ಅಂತೀನಿ. ಶನಿವಾರ ಪೂರ್ತಿ ಮೆನು ಒಳಗೇ ಕಳೆದುಹೋಗತ್ತೆ, ಬಂಡೆ ಅಲ್ಲೇ ಇರತ್ತೆ. ಇನ್ನು 1/24 ಅಳತೆಯ ಪುಟ್ಟ ಗಾಡಿ ಇರೋರಿಗೆ ಎಚ್ಚರಿಕೆ: ಅವುಗಳಲ್ಲಿ ಹೆಚ್ಚಿನವಕ್ಕೆ ರಿಸೀವರ್, ಇಎಸ್‌ಸಿ ಎರಡೂ ಒಂದೇ ಬೋರ್ಡಲ್ಲಿರತ್ತೆ. ರಿಮೋಟ್ ಬದಲಿಸಬೇಕು ಅಂದ್ರೆ ಆ ಬೋರ್ಡೂ ಬದಲಾಗಬೇಕು.

ನಾನು ತಗೊಂಡಿದ್ದು ಯಾವ ಕಂಪನಿದು ಅಂತ ಬೇಕಂತಲೇ ಬರೀತಿಲ್ಲ, ಆಮೇಲೆ ಜಾಹೀರಾತು ಅಂತೀರಿ. ಆರು ಚಾನೆಲ್ಲು, ಎರಡು ಮೂರು ಸ್ಥಾನದ ಸ್ವಿಚ್ಚು, ಎಲ್ಲ ಚಾನೆಲ್ಲಿಗೂ ಎಂಡ್ ಪಾಯಿಂಟು, ಫೇಲ್‌ಸೇಫು, ಬಿಡಿ ರಿಸೀವರ್ ಸಿಗೋ ಅಂಗಡಿ. ಇಷ್ಟು ನೋಡಿ ತಗೊಂಡೆ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗಿದ್ದೆ. ಅಕ್ಕ ಮಗಳನ್ನ ಬಂಡೆಗೆ ಕಳಿಸೋಕೆ ಒಪ್ಪಲಿಲ್ಲ. ನಾನು ಜಾಸ್ತಿ ಮಾತಾಡದೆ ನಡುಮನೆಯಲ್ಲಿ ಗಾಡಿಯನ್ನ ಸೇರಿನ ಮೇಲೆ ಕೂರಿಸಿ, ಚಕ್ರ ತಿರುಗಿಸಿ, ಅವಳೆದುರಿಗೇ ರಿಮೋಟ್ ಆಫ್ ಮಾಡಿದೆ. ಚಕ್ರ ಟಕ್ ಅಂತ ನಿಂತ್ಕೊಂಡ್ತು. "ಇನ್ನೊಂದ್ಸಲ ಮಾಡು" ಅಂದ್ಲು. ಮಾಡಿದೆ. ಮೂರನೇ ಸಲ ತಾನೇ ರಿಮೋಟ್ ಇಸ್ಕೊಂಡು ಆಫ್ ಮಾಡಿ ನೋಡಿದ್ಲು. ಆಮೇಲೆ "ದೊಣೆ ಕಡೆ ಮಾತ್ರ ಬೇಡ" ಅಂತ ಹೇಳಿ ಇಬ್ಬರನ್ನೂ ಕಳಿಸಿದ್ಲು.

ಈಗ ನಮ್ಮ ಪುಟಾಣಿಗೆ ಅದೇ ಒಂದು ಶಾಸ್ತ್ರ ಆಗಿಬಿಟ್ಟಿದೆ. ಪ್ರತಿ ಸಲ ಗಾಡಿ ಕೆಳಗಿಡೋ ಮುಂಚೆ ಕೇಳ್ತಾಳೆ, "ಮಾಮ, ನಿಲ್ಲೋ ಟೆಸ್ಟ್ ಮಾಡಿದ್ಯಾ?" ಎಷ್ಟು ಚಾನೆಲ್ ಅಂತ ಅವಳು ಇವತ್ತಿನವರೆಗೂ ಕೇಳಿಲ್ಲ.

ನೀವೂ ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಗಾಡಿಯನ್ನ ಒಂದು ಡಬ್ಬದ ಮೇಲೆ ಕೂರಿಸಿ ಒಂದ್ಸಲ ನೋಡ್ಬಿಡಿ. ನಿಲ್ಲಲಿಲ್ಲ ಅಂದ್ರೆ ಚಾನೆಲ್ ಲೆಕ್ಕ ಆಮೇಲೆ ಹಾಕಿದ್ರಾಯ್ತು.